ಅಕ್ಷರದ ಮೇಲಣ ಗುರುತು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಯಲುಸೀಮೆಗೆ ಸೇರಿದವು. ಹೆಬ್ಬಂಡೆಗಳ ಬೆಟ್ಟಗಳು, ಅವುಗಳ ನಡುವೆ ಹರಡಿದ ಕೆಂಪು ಮಣ್ಣಿನ ಹೊಲಗಳು, ಮಳೆಯನ್ನೇ ನೆಚ್ಚಿಕೊಂಡ ಕೆರೆಗಳು ಆ ನಾಡಿನ ಸಾಮಾನ್ಯ ನೋಟ. ರಾಗಿ, ಕಡಲೆಕಾಯಿ, ಹುಣಿಸೆಗಳು ಅಲ್ಲಿಯ ಜನರ ಬಾಳಿಗೆ ಆಧಾರ. ಕುರಿಮಂದೆಗಳು ಊರೂರಿನಲ್ಲಿಯೂ ಉಂಟು. ಬಾವಿಯ ನೀರು ದೊರೆಯುವೆಡೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರೂ ಇದ್ದಾರೆ. ಇಂತಹ ಕಸುಬಿನವರಿಗೆ ಅನುವಂಶೀಯತೆಯ ಮೊದಲ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರೈತನು ತುಂಬಿದ ತೆನೆಯನ್ನು ಆಯ್ದು ಬಿತ್ತನೆಗೆ ಎತ್ತಿಡುತ್ತಾನೆ. ಕುರಿ ಸಾಕುವವನು ಮೈಕಟ್ಟು ನೋಡಿ ಟಗರನ್ನು ಉಳಿಸಿಕೊಳ್ಳುತ್ತಾನೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯೂ ಇದೇ ಅನುಭವದಿಂದ ಹುಟ್ಟಿದ್ದು.

ಆದರೆ ನೂಲು ಒಂದೇ ಆಗಿದ್ದರೂ ಸೀರೆ ಬೇರೆಯಾಗಬಲ್ಲುದೇ? ತಂದೆತಾಯಿಗಳಿಂದ ಬಂದ ಗುಣಗಳು ಒಂದೇ ಆಗಿದ್ದು, ಅವು ಪ್ರಕಟವಾಗುವ ರೀತಿ ಮಾತ್ರ ಬದಲಾಗಬಲ್ಲುದೇ? ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ರೇಷ್ಮೆಹುಳುವಿನ ಮೊಟ್ಟೆಯಲ್ಲಿಯೇ ಸಿಕ್ಕುತ್ತದೆ.

ಕರ್ನಾಟಕದಲ್ಲಿ ಬಹುಕಾಲದಿಂದ ಸಾಕುತ್ತ ಬಂದಿರುವ ರೇಷ್ಮೆಹುಳುವಿಗೆ ಮೈಸೂರು ತಳಿ ಎಂದು ಹೆಸರು. ಇದರ ಗೂಡಿನ ಬಣ್ಣ ಹಸುರು ಬೆರೆತ ಹಳದಿ. ಮೊಟ್ಟೆಗಳು ವರ್ಷದ ಯಾವ ಕಾಲದಲ್ಲಿಯಾದರೂ ಸುಮಾರು ಹತ್ತು ದಿನಗಳಲ್ಲಿ ಒಡೆದು ಮರಿಹುಳುಗಳು ಹೊರಬರುತ್ತವೆ. ಚಳಿಯ ನಾಡುಗಳಿಂದ ಬಂದ ದ್ವಿತಳಿ ಹುಳುವಿನ ಗೂಡು ಬಿಳುಪು. ಅದರ ನೂಲು ಹೆಚ್ಚು ಉದ್ದವಾದುದು, ಮೇಲ್ಮಟ್ಟದ್ದು. ಆದರೆ ದ್ವಿತಳಿಯ ಮೊಟ್ಟೆಗಳಿಗೆ ನಿದ್ರಿಸುವ ಸ್ವಭಾವವುಂಟು. ಅವು ತಿಂಗಳುಗಟ್ಟಲೆ ಬೆಳವಣಿಗೆಯನ್ನು ನಿಲ್ಲಿಸಿ ಸುಪ್ತವಾಗಿರುತ್ತವೆ. ಚಳಿಗಾಲ ಕಳೆದು ಹಿಪ್ಪುನೇರಳೆ ಚಿಗುರುವ ಹೊತ್ತಿಗೆ ಎಚ್ಚರಗೊಳ್ಳುವುದು ಅವುಗಳ ಕ್ರಮ.

ಬಿತ್ತನೆ ಕೋಠಿಗಳಲ್ಲಿ ಈ ಎರಡು ತಳಿಗಳನ್ನು ಕೂಡಿಸಿ ಮಿಶ್ರತಳಿಯ ಮೊಟ್ಟೆಗಳನ್ನು ತಯಾರಿಸುವುದುಂಟು. ಮೈಸೂರು ತಳಿಯ ಹೆಣ್ಣುಚಿಟ್ಟೆಗೆ ದ್ವಿತಳಿಯ ಗಂಡುಚಿಟ್ಟೆಯನ್ನು ಕೂಡಿಸಿದರೆ ಬರುವ ಮೊಟ್ಟೆಗಳು ನಿದ್ರಿಸುವುದಿಲ್ಲ. ಹತ್ತು ದಿನಗಳಲ್ಲಿ ಒಡೆಯುತ್ತವೆ. ಅದೇ ದ್ವಿತಳಿಯ ಹೆಣ್ಣಿಗೆ ಮೈಸೂರು ತಳಿಯ ಗಂಡನ್ನು ಕೂಡಿಸಿದರೆ ಮೊಟ್ಟೆಗಳು ನಿದ್ರಿಸುತ್ತವೆ. ಎರಡೂ ಬಗೆಯ ಮೊಟ್ಟೆಗಳಲ್ಲಿ ಒಂದು ಪಾಲು ಮೈಸೂರು ತಳಿ, ಒಂದು ಪಾಲು ದ್ವಿತಳಿ. ಹಾಗಿದ್ದರೂ ನಿದ್ರೆಯ ವಿಷಯದಲ್ಲಿ ಮೊಟ್ಟೆಯು ತಾಯಿಯನ್ನೇ ಅನುಸರಿಸುತ್ತದೆ. ಆದಕಾರಣವೇ ಕರ್ನಾಟಕದ ಮಿಶ್ರತಳಿಯಲ್ಲಿ ಬಹುಕಾಲದಿಂದ ಮೈಸೂರು ತಳಿಯನ್ನು ತಾಯಿಯ ಸ್ಥಾನದಲ್ಲಿಯೂ ದ್ವಿತಳಿಯನ್ನು ತಂದೆಯ ಸ್ಥಾನದಲ್ಲಿಯೂ ಇರಿಸಿಕೊಂಡು ಬಂದಿದ್ದಾರೆ.

ಇದಕ್ಕಿಂತಲೂ ಸೋಜಿಗದ ಸಂಗತಿ ಇನ್ನೊಂದಿದೆ. ಒಂದೇ ದ್ವಿತಳಿಯ ಮೊಟ್ಟೆಗಳನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಳಕಿನಲ್ಲಿಯೂ, ಮತ್ತೊಂದನ್ನು 15 ಡಿಗ್ರಿಯಲ್ಲಿ ಕತ್ತಲೆಯಲ್ಲಿಯೂ ಕಾವು ಕೊಟ್ಟು ಮರಿ ಮಾಡಿಸಿದರೆ, ಆ ಮರಿಗಳು ಬೆಳೆದು ಚಿಟ್ಟೆಗಳಾದ ಮೇಲೆ ವ್ಯತ್ಯಾಸ ಕಾಣುತ್ತದೆ. ಬೆಚ್ಚಗೆ ಬೆಳೆದ ಮೊಟ್ಟೆಯಿಂದ ಬಂದ ಚಿಟ್ಟೆಯು ನಿದ್ರಿಸುವ ಮೊಟ್ಟೆಗಳನ್ನಿಡುತ್ತದೆ. ತಂಪಿನಲ್ಲಿ ಬೆಳೆದದ್ದು ನಿದ್ರಿಸದ ಮೊಟ್ಟೆಗಳನ್ನಿಡುತ್ತದೆ. ತಾಯಿ ತಾನು ಮೊಟ್ಟೆಯಾಗಿದ್ದಾಗ ಅನುಭವಿಸಿದ ಹವೆ ಮಕ್ಕಳ ನಡವಳಿಕೆಯನ್ನು ನಿರ್ಧರಿಸಿತು! ಬೆಚ್ಚಗೆ ಬೆಳೆದ ತಾಯಿಯ ದೇಹದಲ್ಲಿ ಮುಂದೆ ಒಂದು ಹಾರ್ಮೋನು ಸ್ರವಿಸಿ, ಬೆಳೆಯುತ್ತಿರುವ ಮೊಟ್ಟೆಗಳಿಗೆ ನಿದ್ರೆಯ ಆಜ್ಞೆಯನ್ನು ಮುಟ್ಟಿಸುತ್ತದೆ. ಮೊಟ್ಟೆಗೆ ಬಂದ ವಂಶವಾಹಿಗಳಲ್ಲಿ ಯಾವ ಬದಲಾವಣೆಯೂ ಆಗಿರುವುದಿಲ್ಲ. ಆದರೆ ಅವು ಕೆಲಸ ಮಾಡುವ ರೀತಿ ಬದಲಾಗಿರುತ್ತದೆ.

ಇಲ್ಲಿ ತಾಯಿಯ ಸಂದೇಶವನ್ನು ಹೊತ್ತದ್ದು ಹಾರ್ಮೋನು. ಇದಲ್ಲದೆ, ವಂಶವಾಹಿಗಳ ಮೇಲೆಯೇ ಅಂಟಿಕೊಂಡು ಬರುವ ಸಂದೇಶಗಳೂ ಇವೆ. ಅವುಗಳನ್ನು ತಿಳಿಯಬೇಕಾದರೆ ಜೀವಕೋಶದೊಳಗೆ ಇಣಿಕಿ ನೋಡಬೇಕು.

ಪ್ರತಿಯೊಂದು ಜೀವಿಯ ರೂಪರೇಖೆಯೂ ಡಿ.ಎನ್.ಎ. ಎಂಬ ನೀಳವಾದ ಅಣುವಿನಲ್ಲಿ ಅಡಗಿದೆ. ಈ ಅಣುವಿನ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಬರೆದ ಉದ್ದವಾದ ಗ್ರಂಥದಂತೆ ಇದು ಇದೆ. ಅದರ ಒಂದೊಂದು ಪ್ರಕರಣವೂ ಒಂದೊಂದು ವಂಶವಾಹಿ. ಮನುಷ್ಯನಲ್ಲಿ ಪ್ರೋಟೀನುಗಳನ್ನು ತಯಾರಿಸುವ ಸೂಚನೆಯುಳ್ಳ ವಂಶವಾಹಿಗಳು ಸುಮಾರು 20,000 ಇವೆ. ಈ ಗ್ರಂಥವು 46 ವರ್ಣತಂತುಗಳಾಗಿ ವಿಂಗಡಗೊಂಡಿದ್ದು, 23 ತಾಯಿಯಿಂದಲೂ 23 ತಂದೆಯಿಂದಲೂ ಬಂದಿರುತ್ತವೆ.

ಕಣ್ಣಿನ ಕೋಶ, ಚರ್ಮದ ಕೋಶ, ಯಕೃತ್ತಿನ ಕೋಶ, ಈ ಎಲ್ಲವುಗಳಲ್ಲಿಯೂ ಇರುವುದು ಒಂದೇ ಗ್ರಂಥ. ಹಾಗಾದರೆ ಕಣ್ಣು ಕಣ್ಣಾಗಿಯೂ ಚರ್ಮ ಚರ್ಮವಾಗಿಯೂ ಏಕೆ ಬೆಳೆಯುತ್ತವೆ? ಪ್ರತಿಯೊಂದು ಕೋಶವೂ ಇಡೀ ಗ್ರಂಥವನ್ನು ಓದುವುದಿಲ್ಲ ಎಂಬುದೇ ಇದರ ಗುಟ್ಟು. ತನಗೆ ಬೇಕಾದ ಪ್ರಕರಣಗಳನ್ನು ತೆರೆದಿಟ್ಟುಕೊಂಡು, ಉಳಿದವುಗಳನ್ನು ಮುಚ್ಚಿಡುತ್ತದೆ. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿಸುವ ಗುರುತುಗಳು ಆ ಗ್ರಂಥದ ಅಕ್ಷರಗಳ ಮೇಲೆಯೇ ಇರುತ್ತವೆ. ಈ ಗುರುತುಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಈ ಪದವನ್ನು 1942ರಲ್ಲಿ ವ್ಯಾಡಿಂಗ್‌ಟನ್ ಎಂಬ ಬ್ರಿಟಿಷ್ ವಿಜ್ಞಾನಿ ಬಳಕೆಗೆ ತಂದನು. ಗ್ರೀಕ್ ಭಾಷೆಯ ‘ಎಪಿ’ ಎಂದರೆ ಮೇಲೆ. ವಂಶವಾಹಿಯ ಮೇಲಣ ವ್ಯವಸ್ಥೆ ಎಂಬುದು ಇಂದು ಇದರ ತಾತ್ಪರ್ಯ.

ಇಂತಹ ಗುರುತುಗಳಲ್ಲಿ ಚೆನ್ನಾಗಿ ತಿಳಿದಿರುವುದು ಮಿಥೈಲ್ ಗುಂಪು. ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳು ಸೇರಿದ ಪುಟ್ಟ ತುಣುಕು ಇದು. ಡಿ.ಎನ್.ಎ.ಯ ಸೈಟೊಸಿನ್ ಎಂಬ ಅಕ್ಷರದ ಮೇಲೆ ಇದು ಕುಳಿತುಕೊಳ್ಳುತ್ತದೆ. ವಂಶವಾಹಿಯ ಆರಂಭದ ಭಾಗದಲ್ಲಿ ಇಂತಹ ತುಣುಕುಗಳು ದಟ್ಟವಾಗಿ ಕುಳಿತರೆ ಸಾಮಾನ್ಯವಾಗಿ ಆ ವಂಶವಾಹಿ ಮೌನವಾಗುತ್ತದೆ. ಅಕ್ಷರ ಅಳಿಸಿಹೋಗಿರುವುದಿಲ್ಲ, ತಿದ್ದಿಯೂ ಇರುವುದಿಲ್ಲ. ಓದು ಮಾತ್ರ ನಿಂತಿರುತ್ತದೆ.

ಎರಡನೆಯ ಬಗೆಯ ಗುರುತು ಸುತ್ತುವಿಕೆಗೆ ಸಂಬಂಧಿಸಿದ್ದು. ಮನುಷ್ಯನ ಒಂದು ಕೋಶದಲ್ಲಿರುವ ಡಿ.ಎನ್.ಎ.ಯನ್ನು ಬಿಡಿಸಿ ಹಿಡಿದರೆ ಸುಮಾರು ಎರಡು ಮೀಟರು ಉದ್ದವಾಗುತ್ತದೆ. ಅದು ಕಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ಅಡಗುವುದಾದರೂ ಹೇಗೆ? ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ, ಉರುಳೆಗೆ ರೇಷ್ಮೆ ನೂಲನ್ನು ಸುತ್ತುವಂತೆ, ಡಿ.ಎನ್.ಎ. ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಓದಲು ಎಡೆಯಿಲ್ಲ. ಸಡಿಲವಾದ ಕಡೆ ಓದು ಸಾಗುತ್ತದೆ. ಈ ಬಿಗಿತ ಸಡಿಲಿಕೆಗಳನ್ನು ಹಿಸ್ಟೋನುಗಳ ಮೇಲೆ ಅಂಟಿದ ರಾಸಾಯನಿಕ ಗುರುತುಗಳು ನಿಯಂತ್ರಿಸುತ್ತವೆ. ನೂಲು ಒಂದೇ ಆಗಿದ್ದರೂ ಸೀರೆ ಬೇರೆಯಾಗುವುದು ಹೀಗೆ.

ಕೋಶ ಒಡೆದು ಎರಡಾದಾಗ ಈ ಗುರುತುಗಳಲ್ಲಿ ಅನೇಕವು ಮರಿಕೋಶಗಳಿಗೂ ನಕಲಾಗುತ್ತವೆ. ಆದುದರಿಂದಲೇ ಚರ್ಮದ ಕೋಶದಿಂದ ಚರ್ಮದ ಕೋಶವೇ ಹುಟ್ಟುತ್ತದೆ. ಆದರೆ ಹೆತ್ತವರಿಂದ ಮಕ್ಕಳಿಗೂ ಈ ಗುರುತುಗಳು ಬರುತ್ತವೆಯೇ? ಕೆಲವು ಬರುತ್ತವೆ ಎಂಬುದಕ್ಕೆ 1984ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ದಾರಿ ತೋರಿಸಿದವು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಜೀಮ್ ಸುರಾನಿ ಮತ್ತು ಸಂಗಡಿಗರು, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೆಕ್‌ಗ್ರಾತ್ ಮತ್ತು ಸೋಲ್ಟರ್ ಎಂಬುವರು ಬೇರೆ ಬೇರೆಯಾಗಿ ಈ ಪ್ರಯೋಗಗಳನ್ನು ನಡೆಸಿದರು. ಎರಡು ಪಾಲನ್ನೂ ತಾಯಿಯ ಕಡೆಯಿಂದಲೇ ಪಡೆದ ಭ್ರೂಣವಾಗಲಿ, ಎರಡು ಪಾಲನ್ನೂ ತಂದೆಯ ಕಡೆಯಿಂದಲೇ ಪಡೆದ ಭ್ರೂಣವಾಗಲಿ ಬದುಕಿ ಉಳಿಯಲಿಲ್ಲ. ವರ್ಣತಂತುಗಳ ಎಣಿಕೆ ಸರಿಯಾಗಿಯೇ ಇತ್ತು. ಕೊರತೆಯಾದದ್ದು ತಾಯಿಯ ಗುರುತು ಮತ್ತು ತಂದೆಯ ಗುರುತುಗಳ ಜೋಡಿ.

ಕೆಲವು ವಂಶವಾಹಿಗಳ ಮೇಲೆ ‘ಇದು ತಾಯಿಯದು’, ‘ಇದು ತಂದೆಯದು’ ಎಂದು ಮುದ್ರೆ ಒತ್ತಿದಂತಿರುತ್ತದೆ. ಅವುಗಳಲ್ಲಿ ಕೆಲವು ತಂದೆಯಿಂದ ಬಂದಾಗ ಮಾತ್ರ, ಕೆಲವು ತಾಯಿಯಿಂದ ಬಂದಾಗ ಮಾತ್ರ ಕೆಲಸ ಮಾಡುತ್ತವೆ. ಭ್ರೂಣದ ಬೆಳವಣಿಗೆಗೆ ನೆರವಾಗುವ ಐ.ಜಿ.ಎಫ್.-2 ಎಂಬ ವಂಶವಾಹಿಯು ಇಲಿಗಳಲ್ಲಿ ಬಹುಮಟ್ಟಿಗೆ ತಂದೆಯಿಂದ ಬಂದ ಪ್ರತಿಯಿಂದಲೇ ಕೆಲಸ ಮಾಡುತ್ತದೆ ಎಂಬುದು 1991ರಲ್ಲಿ ತಿಳಿದುಬಂದಿತು. ಮನುಷ್ಯರಲ್ಲಿಯೂ ಇದು ಹೀಗೆಯೇ. ನಮ್ಮ 15ನೆಯ ವರ್ಣತಂತುವಿನ ಒಂದು ಭಾಗದಲ್ಲಿ ತಂದೆಯ ಪಾಲು ಇಲ್ಲವಾದರೆ, ಅಡಗದ ಹಸಿವು ಮತ್ತು ಸ್ಥೂಲಕಾಯವುಳ್ಳ ಪ್ರೇಡರ್-ವಿಲ್ಲಿ ಎಂಬ ರೋಗ ಬರುತ್ತದೆ. ಅದೇ ಭಾಗದಲ್ಲಿ ತಾಯಿಯ ಪಾಲು ಇಲ್ಲವಾದರೆ, ಮಾತು ಮತ್ತು ನಡೆಗೆ ತೀವ್ರ ತೊಡಕುಂಟಾಗುವ ಏಂಜಲ್‌ಮನ್ ಎಂಬ ಬೇರೆಯೇ ರೋಗ ಬರುತ್ತದೆ. ಜಾಗ ಒಂದೇ, ಪಾಲು ಯಾರದೆಂಬುದರ ಮೇಲೆ ಫಲ ಬೇರೆ.

ಕುರಿಗಳಲ್ಲಿಯೂ ಇಂತಹ ನಿದರ್ಶನವಿದೆ. 1983ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಹಿಂಭಾಗದ ಮಾಂಸಖಂಡಗಳು ಬಹಳ ದಪ್ಪವಾಗಿದ್ದ ಒಂದು ಟಗರು ಹುಟ್ಟಿತು. ಅದರ ಸಂತತಿಯನ್ನು ಪರೀಕ್ಷಿಸಿದಾಗ ವಿಚಿತ್ರವಾದ ನಿಯಮ ಕಂಡುಬಂದಿತು. ಆ ಗುಣದ ವಂಶವಾಹಿ ತಂದೆಯಿಂದ ಬಂದು, ತಾಯಿಯಿಂದ ಸಾಧಾರಣ ಪ್ರತಿ ಬಂದ ಮರಿಗಳಲ್ಲಿ ಮಾತ್ರ ಮೈಕಟ್ಟು ಹಾಗೆ ಬೆಳೆಯುತ್ತಿತ್ತು. ತಾಯಿಯಿಂದ ಮಾತ್ರ ಬಂದರೆ ಮರಿಯು ಎಲ್ಲ ಮರಿಗಳಂತೆಯೇ ಇರುತ್ತಿತ್ತು. ಇಂತಹ ಕುರಿಯ ಮಾಂಸ ಗಡುಸಾದುದರಿಂದ ಸಾಕುವವರಿಗೆ ಅದು ಲಾಭದಾಯಕವಾಗಲಿಲ್ಲ; ಆದರೆ ವಿಜ್ಞಾನಕ್ಕೆ ಬಹಳ ಲಾಭವಾಯಿತು. ಟಗರನ್ನು ಆರಿಸುವಾಗ ಮೈಕಟ್ಟನ್ನು ಮಾತ್ರ ನೋಡಿದರೆ ಎಲ್ಲವೂ ತಿಳಿಯದು ಎಂಬುದನ್ನು ಈ ಕುರಿ ಕಲಿಸಿತು.

ಈವರೆಗೆ ಹೇಳಿದ ಮುದ್ರೆಗಳು ಹುಟ್ಟಿನ ನಿಯಮದಿಂದ ಬಂದವು. ಆದರೆ ತಾಯಿಯ ಊಟ, ಉಪವಾಸಗಳೂ ಮಗುವಿನ ವಂಶವಾಹಿಗಳ ಮೇಲೆ ಗುರುತು ಮಾಡಬಲ್ಲವೇ? ಬರಗಾಲವನ್ನು ಮತ್ತೆ ಮತ್ತೆ ಕಂಡಿರುವ ಬಯಲುಸೀಮೆಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ ಮಹಾಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದರು. ಬದುಕಿ ಉಳಿದವರ ಕೋಶಗಳಲ್ಲಿ ಏನಾಯಿತೆಂದು ನೋಡುವ ಸಾಧನ ಆ ಕಾಲದಲ್ಲಿ ಇರಲಿಲ್ಲ. ಆದರೆ ಮುಂದೆ ಯುರೋಪಿನಲ್ಲಿ ಸಂಭವಿಸಿದ ಒಂದು ಕ್ಷಾಮವು ಉತ್ತರವನ್ನು ಕೊಟ್ಟಿತು.

ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ನಿಂತುಹೋಯಿತು. ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಆ ತಿಂಗಳುಗಳಲ್ಲಿ ಗರ್ಭಸ್ಥರಾಗಿದ್ದ ಮಕ್ಕಳ ದಾಖಲೆಗಳು ಉಳಿದುಬಂದವು. ಸುಮಾರು ಅರವತ್ತು ವರ್ಷಗಳ ಅನಂತರ ಅವರ ರಕ್ತವನ್ನು ಪರೀಕ್ಷಿಸಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕ್ಷಾಮದ ನಡುವೆ ಗರ್ಭಾಂಕುರವಾದವರಲ್ಲಿ, ಕ್ಷಾಮಕ್ಕೆ ಸಿಕ್ಕದ ಅವರದೇ ಒಡಹುಟ್ಟಿದವರಿಗಿಂತ, ಐ.ಜಿ.ಎಫ್.-2 ವಂಶವಾಹಿಯ ಮೇಲಣ ಮಿಥೈಲ್ ಗುರುತುಗಳು ಕಡಿಮೆಯಿದ್ದವು. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾತ್ರ ಕ್ಷಾಮವನ್ನು ಕಂಡವರಲ್ಲಿ ಈ ವ್ಯತ್ಯಾಸ ಇರಲಿಲ್ಲ. ಮೊದಲ ವಾರಗಳ ಹಸಿವು ಅರವತ್ತು ವರ್ಷ ಉಳಿಯುವ ಗುರುತನ್ನು ಮಾಡಿತ್ತು.

ಊಟಕ್ಕೂ ಗುರುತಿಗೂ ಇರುವ ಸಂಬಂಧ ಬಲು ನೇರವಾದುದು. ಮಿಥೈಲ್ ಗುಂಪುಗಳು ದೇಹಕ್ಕೆ ದೊರೆಯಬೇಕಾದರೆ ಆಹಾರದಲ್ಲಿ ಫೋಲಿಕ್ ಆಮ್ಲ, ಬಿ-12 ಜೀವಸತ್ವ ಮೊದಲಾದವು ಇರಬೇಕು. ಅಮೆರಿಕದ ವಾಟರ್‌ಲ್ಯಾಂಡ್ ಮತ್ತು ಜರ್ಟಲ್ ಎಂಬುವರು 2003ರಲ್ಲಿ ಒಂದು ವಿಶೇಷ ಇಲಿತಳಿಯ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಈ ತಳಿಯಲ್ಲಿ ಒಂದು ವಂಶವಾಹಿ ತೆರೆದಿದ್ದರೆ ಇಲಿ ಹಳದಿಯಾಗಿ, ಕೊಬ್ಬಿ ಬೆಳೆಯುತ್ತದೆ. ಮುಚ್ಚಿದ್ದರೆ ಕಂದು ಬಣ್ಣದ, ತೆಳುಮೈಯ ಇಲಿಯಾಗುತ್ತದೆ. ಗರ್ಭಿಣಿ ಇಲಿಗಳಿಗೆ ಫೋಲಿಕ್ ಆಮ್ಲ, ಬಿ-12 ಮುಂತಾದವುಗಳನ್ನು ಹೆಚ್ಚಾಗಿ ಉಣಿಸಿದಾಗ ಕಂದು ಮರಿಗಳ ಸಂಖ್ಯೆ ಹೆಚ್ಚಿತು. ಮರಿಗಳ ವಂಶವಾಹಿ ಬದಲಾಗಲಿಲ್ಲ. ಅದರ ಮೇಲೆ ಮಿಥೈಲ್ ಗುರುತು ಹೆಚ್ಚಿತ್ತು. ಆಫ್ರಿಕದ ಗ್ಯಾಂಬಿಯಾ ದೇಶದ ಹಳ್ಳಿಗಳಲ್ಲಿ ಮಳೆಗಾಲದ ಊಟವೇ ಬೇರೆ, ಒಣಗಾಲದ ಊಟವೇ ಬೇರೆ. ಅಲ್ಲಿ ಯಾವ ಋತುವಿನಲ್ಲಿ ಗರ್ಭಾಂಕುರವಾಯಿತೆಂಬುದಕ್ಕೆ ತಕ್ಕಂತೆ ಮಕ್ಕಳ ಕೆಲವು ಗುರುತುಗಳಲ್ಲಿ ವ್ಯತ್ಯಾಸವಿರುವುದು ಕಂಡುಬಂದಿದೆ.

ಕರ್ನಾಟಕದಲ್ಲಿ ಈ ವಿಚಾರಕ್ಕೆ ಬೆಳಕು ನೀಡಿದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಮುಂತಾದ ವಿವರಗಳನ್ನು ಬರೆದಿಟ್ಟಿದ್ದರು. ಆ ದಾಖಲೆಗಳ ಆಧಾರದಿಂದ 1934 ಮತ್ತು 1954ರ ನಡುವೆ ಅಲ್ಲಿ ಜನಿಸಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿ, 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಅದೇ ಆಸ್ಪತ್ರೆಯಲ್ಲಿ 1997ರಿಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಕುರಿತು ಇನ್ನೊಂದು ಅಧ್ಯಯನ ಆರಂಭವಾಯಿತು. ಆ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 43 ಮಂದಿಗೆ ಬಿ-12 ಜೀವಸತ್ವದ ಕೊರತೆಯಿತ್ತು. ಈ ಅಧ್ಯಯನಗಳು ಅಳೆದದ್ದು ತೂಕವನ್ನೂ ರಕ್ತವನ್ನೂ, ಮಿಥೈಲ್ ಗುರುತುಗಳನ್ನಲ್ಲ. ಆದರೂ ತೊಟ್ಟಿಲಿನ ತೂಕಕ್ಕೂ ಮುಪ್ಪಿನ ರೋಗಕ್ಕೂ ನಂಟಿದೆ ಎಂಬುದನ್ನು ಅವು ತೋರಿಸಿಕೊಟ್ಟವು. ಆ ನಂಟನ್ನು ಬೆಸೆಯುವ ದಾರಿಗಳಲ್ಲಿ ಈ ಗುರುತುಗಳೂ ಒಂದಾಗಿರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಇಷ್ಟನ್ನು ಓದಿದವರಿಗೆ ಒಂದು ಅಳುಕು ಹುಟ್ಟುವುದು ಸಹಜ. ಅಜ್ಜಿ ಉಪವಾಸವಿದ್ದರೆ ಮೊಮ್ಮಗಳ ಹಣೆಬರಹ ಅದರಿಂದಲೇ ನಿರ್ಧಾರವಾಗಿಹೋಯಿತೇ? ಹಾಗೇನೂ ಇಲ್ಲ. ಅಂಡಾಣು, ವೀರ್ಯಾಣುಗಳು ತಯಾರಾಗುವಾಗ ಒಮ್ಮೆ, ಭ್ರೂಣವು ಬೆಳೆಯತೊಡಗುವಾಗ ಮತ್ತೊಮ್ಮೆ, ಹಳೆಯ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗಿ ಹೊಸದಾಗಿ ಮೂಡುತ್ತವೆ. ತಂದೆಯ ಮುದ್ರೆ, ತಾಯಿಯ ಮುದ್ರೆಗಳು ಎರಡನೆಯ ಅಳಿಸುವಿಕೆಯಿಂದ ಪಾರಾಗುತ್ತವೆ. ಆದರೆ ಮೊದಲನೆಯದರಿಂದ ಪಾರಾಗುವುದಿಲ್ಲ. ತಂದೆಯಿಂದ ಮಗಳಿಗೆ ಬಂದ ಮುದ್ರೆ ಅವಳ ಅಂಡಾಣುವಿನಲ್ಲಿ ಅಳಿದು, ತಾಯಿಯ ಮುದ್ರೆಯಾಗಿ ಹೊಸದಾಗಿ ಒತ್ತಲ್ಪಡುತ್ತದೆ. ಹಸಿವಿನ ಗುರುತುಗಳು ಮನುಷ್ಯರಲ್ಲಿ ತಲೆಮಾರುಗಳ ಉದ್ದಕ್ಕೂ ಹರಿದುಬರುತ್ತವೆ ಎಂಬುದಕ್ಕೆ ನಿಸ್ಸಂದೇಹವಾದ ಪ್ರಮಾಣ ದೊರೆತಿಲ್ಲ.

ಸಸ್ಯಗಳ ಮಾತು ತುಸು ಬೇರೆ. ಅವುಗಳಲ್ಲಿ ಗುರುತುಗಳು ಅಷ್ಟು ಪೂರ್ಣವಾಗಿ ಅಳಿಯುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೀಯಸ್ ಲಿನೇರಿಯ ಎಂಬ ಗಿಡದಲ್ಲಿ ಎಂದಿನ ಆಕಾರಕ್ಕೆ ಬದಲಾಗಿ ಸುತ್ತಲೂ ಸಮನಾಗಿ ಅರಳಿದ ಹೂವನ್ನು ಕಂಡು ಬೆರಗಾದನು. ಅದೇ ಬಗೆಯ ಹೂವನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದರ ಗುಟ್ಟನ್ನು 1999ರಲ್ಲಿ ಹೊರಗೆಡವಿದರು. ಒಂದು ವಂಶವಾಹಿಯ ಮೇಲೆ ಮಿಥೈಲ್ ಗುರುತು ದಟ್ಟವಾಗಿ ಕುಳಿತು ಅದನ್ನು ಮೌನಗೊಳಿಸಿತ್ತು. ಆ ಗುರುತು ಬೀಜದ ಮೂಲಕ ಮುಂದಿನ ಪೀಳಿಗೆಗೂ ಸಾಗುತ್ತಿತ್ತು. ಕೆಲವೊಮ್ಮೆ ಗುರುತು ಅಳಿದು ಹೂವು ಎಂದಿನ ರೂಪಕ್ಕೆ ಮರಳುವುದೂ ಉಂಟು. ಬೀಜವು ಹೊತ್ತು ತರುವುದು ಅಕ್ಷರಗಳನ್ನು ಮಾತ್ರವಲ್ಲ ಎಂಬುದಕ್ಕೆ ಈ ಹೂವು ಸಾಕ್ಷಿ.

ಹೀಗೆ ಹೆತ್ತವರು ಮಕ್ಕಳಿಗೆ ಕೊಡುವ ಪಿತ್ರಾರ್ಜಿತ ಎರಡು ಬಗೆಯದು. ಮೊದಲನೆಯದು ಅಕ್ಷರ, ಅದು ತಲೆಮಾರುಗಳಿಂದ ಬಂದದ್ದು, ಯಾರ ಇಚ್ಛೆಗೂ ಸುಲಭವಾಗಿ ಬಾಗುವಂತಹುದಲ್ಲ. ಎರಡನೆಯದು ಗುರುತು; ಅದು ಹವೆ, ಆಹಾರ, ಆರೈಕೆಗಳಿಗೆ ಓಗೊಡುವಂತಹುದು. ಮಗುವಿನ ಕೊರತೆಗಳನ್ನೆಲ್ಲ ‘ವಂಶದ ದೋಷ’ ಎಂದು ಹೇಳಿ ಕೈಚೆಲ್ಲುವುದು ಈ ತಿಳಿವಳಿಕೆಯ ಮುಂದೆ ನಿಲ್ಲಲಾರದು. ತಾಯಿಯೊಬ್ಬಳನ್ನೇ ದೂರುವುದೂ ನ್ಯಾಯವಲ್ಲ. ಮಳೆ ಹೋದ ವರ್ಷ ಮನೆಯಲ್ಲಿ ರಾಗಿ ಕಡಿಮೆಯಾದಾಗ ಎಲ್ಲರಿಗೂ ಬಡಿಸಿ ಉಳಿದುದನ್ನು ಕೊನೆಗೆ ಉಣ್ಣುವವಳು ಬಹುಮಟ್ಟಿಗೆ ಆಕೆಯೇ. ಆ ಕೊನೆಯ ತುತ್ತಿನಲ್ಲಿ ಮತ್ತೊಂದು ಜೀವದ ಪಾಲೂ ಇದೆ ಎಂಬುದನ್ನು ಮನೆಯವರೆಲ್ಲ ತಿಳಿಯಬೇಕಾಗಿದೆ.

ಆಗಬೇಕಾದ ಕೆಲಸ ದೊಡ್ಡ ವೆಚ್ಚದ್ದೇನೂ ಅಲ್ಲ. ಫೋಲಿಕ್ ಆಮ್ಲವು ಸೊಪ್ಪು, ಕಾಳು, ಕಡಲೆಕಾಯಿಗಳಲ್ಲಿದೆ. ಬಿ-12 ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಬಿಸಿಯೂಟ ನೀಡುವ ‘ಮಾತೃಪೂರ್ಣ’ ಯೋಜನೆಯನ್ನು ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭಿಸಿತು. ಅನ್ನ, ಬೇಳೆ, ತರಕಾರಿಗಳೊಡನೆ ಹಾಲು, ಮೊಟ್ಟೆ, ಕಡಲೆಕಾಯಿ ಚಿಕ್ಕಿಗಳನ್ನೂ ಆ ಊಟದಲ್ಲಿ ಸೇರಿಸಲಾಯಿತು. ಪಾವಗಡದ ಹೊಲದ ಕಡಲೆಕಾಯಿಯಾಗಲಿ, ಶಿರಾದ ಹಿತ್ತಿಲಿನ ಸೊಪ್ಪಾಗಲಿ ಸಕಾಲದಲ್ಲಿ ಗರ್ಭಿಣಿಯ ತಟ್ಟೆಯನ್ನು ಸೇರಿದರೆ ಅದು ಆ ದಿನದ ಹಸಿವನ್ನಷ್ಟೇ ಹಿಂಗಿಸುವುದಿಲ್ಲ. ಇನ್ನೂ ಕಣ್ಣು ತೆರೆಯದ ಮಗುವಿನ ಕೋಶಗಳಲ್ಲಿ, ಅದರ ಇಡೀ ಬಾಳಿಗೆ ಉಪಯುಕ್ತವಾಗುವ ಗುರುತುಗಳು ಸರಿಯಾಗಿ ಮೂಡಲು ನೆರವಾಗುತ್ತದೆ.